ಶುಕ್ರವಾರದ ದಾರಿಗಳು

ನಿಮ್ಮ ಮನೆಯಲ್ಲೂ ಒಬ್ಬರು ಗಲ್ಫ್‌ನಲ್ಲಿರಬಹುದು. ಗಂಡ, ಅಣ್ಣ, ಮಗ, ಯಾರಾದರೂ ಸರಿ. ಶುಕ್ರವಾರ ಅವರ ಫೋನ್ ಬಂದಾಗ ನೀವೂ ನನ್ನಂತೆಯೇ "ಊಟ ಆಯಿತೇ, ಜುಮಾಕ್ಕೆ ಹೋಗಿದ್ದಿರಾ" ಎಂದು ಕೇಳಿ, ಮನೆಯ ಖರ್ಚು, ಮಕ್ಕಳ ಫೀಸು, ಮಳೆಗೆ ಸೋರುವ ಮಾಡು, ಇಷ್ಟನ್ನು ಹೇಳಿ ಫೋನ್ ಇಟ್ಟಿರಬಹುದು. ಅವರಿರುವ ಊರು ಹೇಗಿದೆ, ರಜೆಯ ಆ ಒಂದು ದಿನ ಅವರು ಏನು ಮಾಡುತ್ತಾರೆ ಎಂದು ಎಂದಾದರೂ ಕೇಳಿದ್ದೀರಾ? ಮದುವೆಯಾದ ಮೊದಲ ನಾಲ್ಕು ವರ್ಷ ನಾನು ಕೇಳಿರಲಿಲ್ಲ.

2008ರಲ್ಲಿ ಕುಟುಂಬ ವೀಸಾದಲ್ಲಿ ಶಾರ್ಜಾಕ್ಕೆ ಹೋದ ಮೊದಲ ವಾರ ಕೇಳಿದೆ. ಅಷ್ಟು ಹೊತ್ತಿಗೆ ನನ್ನವರು ಆ ದೇಶದಲ್ಲಿ 11 ವರ್ಷ ಕಳೆದಿದ್ದರು. "ಇಲ್ಲಿ ನೋಡುವಂಥದ್ದು ಏನಿದೆ?" ಎಂದರೆ ಸ್ವಲ್ಪ ಹೊತ್ತು ಯೋಚಿಸಿ, "ಏರ್‌ಪೋರ್ಟ್ ಚೆನ್ನಾಗಿದೆ" ಎಂದರು. ನನಗೆ ನಗು ಬಂತು. ಅವರು ನಗಲಿಲ್ಲ. ಎಂಟು ಜನರ ರೂಮಿನಲ್ಲಿ ಶುಕ್ರವಾರವೆಂದರೆ ಬಟ್ಟೆ ಒಗೆಯುವುದು, ಜುಮಾ, ಎಲ್ಲರೂ ಸೇರಿ ಮಾಡಿದ ಬಿರಿಯಾನಿ, ಆಮೇಲೆ ನಿದ್ದೆ, ಸಂಜೆ ಊರಿಗೆ ಫೋನ್. ವಾರಕ್ಕೆ ಆರು ದಿನ ಗೋದಾಮಿನಲ್ಲಿ ದುಡಿಯುವ ಮನುಷ್ಯ ಏಳನೆಯ ದಿನ ಮಲಗದೆ ಇನ್ನೇನು ಮಾಡುತ್ತಾನೆ?

ನಮಗೆ ಸಿಕ್ಕಿದ್ದು ಐದನೇ ಮಹಡಿಯ ಒಂದು ಕೋಣೆಯ ಮನೆ. ಕಿಟಕಿ ತೆರೆದರೆ ಎದುರಿನ ಕಟ್ಟಡದ ಏಸಿ ಪೆಟ್ಟಿಗೆಗಳು. ಬೆಳಿಗ್ಗೆ ಏಳಕ್ಕೆ ಇವರು ಹೊರಟರೆ ರಾತ್ರಿ ಒಂಬತ್ತರವರೆಗೆ ನಾನು ಮತ್ತು ಗೋಡೆ. ಗಲ್ಫಿಗೆ ಹೋದವಳು ಸುಖದಲ್ಲಿದ್ದಾಳೆಂದು ಊರಿನಲ್ಲಿ ಎಲ್ಲರೂ ತಿಳಿದಿರುತ್ತಾರೆ. ಆ ಸುಖದ ಹಗಲುಗಳು ಎಷ್ಟು ಉದ್ದವೆಂದು ಅಲ್ಲಿದ್ದ ಸಹೋದರಿಯರಿಗೇ ಗೊತ್ತು.

ನಮ್ಮ ಮೊದಲ ಪ್ರವಾಸಕ್ಕೆ ತಗಲಿದ್ದು ಇಬ್ಬರಿಗೂ ಸೇರಿ ದೋಣಿಗೆ ನಾಲ್ಕು ದಿರ್ಹಮ್, ಜೊತೆಗೆ ಬಸ್ಸಿನ ಚಾರ್ಜು ಮತ್ತು ಚಹಾದ ಹಣ. ದುಬೈ ನಗರದ ನಡುವೆ ಸಮುದ್ರದ ಒಂದು ತೋಳು ಒಳಗೆ ನುಗ್ಗಿದೆ. ಅದರ ಒಂದು ದಡ ದೇರಾ, ಇನ್ನೊಂದು ದಡ ಬರ್ ದುಬೈ. ದಾಟಿಸಲು ಅಬ್ರಾ ಎಂಬ ಮರದ ದೋಣಿಗಳಿವೆ. ತಲೆಗೆ ಒಂದು ದಿರ್ಹಮ್. ನಡುವೆ ಹಲಗೆಯ ಮೇಲೆ ಬೆನ್ನಿಗೆ ಬೆನ್ನು ಕೊಟ್ಟು ಕುಳಿತರೆ ಐದಾರು ನಿಮಿಷದಲ್ಲಿ ಆಚೆ ದಡ. ನಾವು ಆಚೆ ಹೋಗಿ, ಇಳಿದು, ಸುಲೈಮಾನಿ ಕುಡಿದು, ಮತ್ತೆ ಈಚೆ ಬಂದೆವು. ನಮ್ಮ ನೇತ್ರಾವತಿಯ ಕಡವಿನ ನೆನಪಾಯಿತು. ದಡದಲ್ಲಿ ಸಾಲಾಗಿ ನಿಂತಿದ್ದ ಸರಕಿನ ಮರದ ಹಡಗುಗಳನ್ನು ತೋರಿಸಿ ಇವರು, "ಹಿಂದಿನ ಕಾಲದಲ್ಲಿ ನಮ್ಮ ಕಡೆಯ ಹಂಚು, ಮರವೆಲ್ಲ ಇಂಥದ್ದರಲ್ಲೇ ಬರುತ್ತಿತ್ತಂತೆ" ಎಂದರು. ಹನ್ನೊಂದು ವರ್ಷದಲ್ಲಿ ಅವರೂ ಅಬ್ರಾ ಹತ್ತಿದ್ದು ಅದೇ ಮೊದಲು.

2009ರಲ್ಲಿ ಇವರ ಸಹೋದ್ಯೋಗಿಯೊಬ್ಬರು ಊರಿಗೆ ಮರಳುವಾಗ ತಮ್ಮ ಹಳೆಯ ಕಾರನ್ನು ಕಂತಿನಲ್ಲಿ ಕೊಟ್ಟರು. ಆಗ ನಮ್ಮ ಶುಕ್ರವಾರಗಳಿಗೆ ದಾರಿ ತೆರೆಯಿತು. ಫಜರ್ ನಮಾಝ್ ಮುಗಿಸಿ, ಪತ್ತಿರ್ ಮತ್ತು ಕೋಳಿ ಸುಕ್ಕವನ್ನು ಡಬ್ಬಿಗೆ ಹಾಕಿ, ಫ್ಲಾಸ್ಕಿನಲ್ಲಿ ಚಹಾ ತುಂಬಿಕೊಂಡು ಪೂರ್ವದ ಕಡೆ ಹೊರಟೆವು. ಶಾರ್ಜಾ ದಾಟುತ್ತಿದ್ದಂತೆ ಕೆಂಪು ಮರಳಿನ ದಿಬ್ಬಗಳು. ಧೈದ್ ಎಂಬ ಊರಿನಲ್ಲಿ ಖರ್ಜೂರದ ತೋಟಗಳು. ಅಲ್ಲಿಂದ ಮುಂದೆ ಕಲ್ಲುಬಯಲು, ಅದರಲ್ಲಿ ಒಂಟಿಯಾಗಿ ನಿಂತ ಗಾಫ್ ಮರಗಳು, ಮತ್ತೆ ಇದ್ದಕ್ಕಿದ್ದಂತೆ ಹಜರ್ ಬೆಟ್ಟಸಾಲು. ಒಂದು ಹುಲ್ಲುಕಡ್ಡಿಯೂ ಇಲ್ಲದ, ಸುಟ್ಟ ಇಟ್ಟಿಗೆಯ ಬಣ್ಣದ ಬೆಟ್ಟಗಳು. ಚಾರ್ಮಾಡಿ ಘಾಟಿಯ ಹಸಿರು ನೋಡಿ ಬೆಳೆದ ಕಣ್ಣಿಗೆ ಮೊದಲು ಭಯವಾಯಿತು. ಆಮೇಲೆ ಬಿಸಿಲು ಏರಿದಂತೆ ಅವುಗಳ ಬಣ್ಣ ಬದಲಾಗುವುದನ್ನು ನೋಡುತ್ತಾ ಕುಳಿತೆ.

ಮಸಾಫಿಯ ಏರಿನಲ್ಲಿ ಕಾರು ಬಿಸಿಯಾಗಿ ಹೊಗೆ ಕಾರತೊಡಗಿತು. ರಸ್ತೆ ಬದಿ ನಿಲ್ಲಿಸಿ ಬಾನೆಟ್ ತೆರೆದು ಇವರು ಪೆಚ್ಚಾಗಿ ನಿಂತಿದ್ದಾಗ ಪಿಕಪ್‌ನಲ್ಲಿ ಬಂದ ಪಠಾಣನೊಬ್ಬ ತಾನಾಗಿಯೇ ನಿಲ್ಲಿಸಿದ. ಎಂಜಿನ್ ತಣಿಯುವವರೆಗೆ ಕಾಯಿಸಿ, ತನ್ನ ಕ್ಯಾನಿನ ನೀರು ಹಾಕಿಕೊಟ್ಟು, ನಾವು ಕೊಟ್ಟ ಎರಡು ಪತ್ತಿರನ್ನು ಬಿಸ್ಮಿ ಹೇಳಿ ನಿಂತಲ್ಲೇ ತಿಂದು ಹೊರಟುಹೋದ. ಹೆಸರು ಕೇಳುವುದೇ ಮರೆತಿದ್ದೆವು. ಮಸಾಫಿಯ ರಸ್ತೆ ಬದಿಯಲ್ಲಿ ಆಗ 'ಶುಕ್ರವಾರದ ಸಂತೆ' ಎಂಬ ಅಂಗಡಿಸಾಲಿತ್ತು. ಹೆಸರಿಗೆ ಶುಕ್ರವಾರದ್ದಾದರೂ ವಾರವಿಡೀ ತೆರೆದಿರುತ್ತಿತ್ತು. ಜಮಖಾನ, ಮಣ್ಣಿನ ಮಡಕೆ, ಹಣ್ಣು, ಸುಟ್ಟ ಜೋಳ. ನಾವು ಜೋಳ ಮಾತ್ರ ಕೊಂಡೆವು.

ಬೆಟ್ಟ ಇಳಿದರೆ ಸಮುದ್ರ. ಓಮಾನ್ ಕೊಲ್ಲಿ. ಅರ್ಧಚಂದ್ರದಂತೆ ಬಾಗಿದ ಖೋರ್‌ಫಕ್ಕಾನ್ ದಡದಲ್ಲಿ ಇವರು ಜುಮಾ ನಿರ್ವಹಿಸಿದರು. ಆ ಊರು ಶಾರ್ಜಾಕ್ಕೇ ಸೇರಿದ್ದು. 1507ರಲ್ಲಿ ಪೋರ್ಚುಗೀಸರು ಇದನ್ನು ದೋಚಿ ಸುಟ್ಟಿದ್ದರು. ಅದೇ ಪೋರ್ಚುಗೀಸರು ಮುಂದೆ ನಮ್ಮ ಉಳ್ಳಾಲದ ಅಬ್ಬಕ್ಕ ರಾಣಿಯೊಡನೆಯೂ ಕಾದಾಡಿದವರು. ಎರಡೂ ದಡಗಳಿಗೆ ಒಂದೇ ಕಡಲ ನೀರು ತಾಗುತ್ತದೆ, ಒಂದೇ ಬಗೆಯ ಕಷ್ಟವೂ ತಾಗಿತ್ತು.

ಅಲ್ಲಿಂದ ಉತ್ತರಕ್ಕೆ ಸ್ವಲ್ಪ ದೂರದಲ್ಲಿ ಅಲ್ ಬಿದಿಯಾ ಮಸೀದಿ. ನೀವು ಆ ದೇಶಕ್ಕೆ ಹೋದರೆ ದುಬೈಯ ಎತ್ತರದ ಕಟ್ಟಡಗಳನ್ನು ನೋಡದಿದ್ದರೂ ಪರವಾಗಿಲ್ಲ, ಇದನ್ನು ನೋಡಿ ಬನ್ನಿ. ಫುಜೈರಾದ ಪುರಾತತ್ವ ಇಲಾಖೆ ಮತ್ತು ಸಿಡ್ನಿ ವಿಶ್ವವಿದ್ಯಾಲಯದವರು 1997-98ರಲ್ಲಿ ಪರೀಕ್ಷಿಸಿ ಇದು ಸುಮಾರು 1446ರದ್ದೆಂದು ಅಂದಾಜಿಸಿದ್ದಾರೆ. ಗಾತ್ರ ಕೇವಲ 53 ಚದರ ಮೀಟರ್. ನಮ್ಮ ಊರಿನ ಮನೆಗಳ ಚಾವಡಿಗಿಂತ ಸ್ವಲ್ಪ ದೊಡ್ಡದು, ಅಷ್ಟೇ. ಕಲ್ಲು, ಮಣ್ಣು, ಗಾರೆಗಳಿಂದ ಕಟ್ಟಿದ ಗೋಡೆಗಳು. ಮೇಲೆ ನಾಲ್ಕು ಗುಮ್ಮಟ. ಮಿನಾರವಿಲ್ಲ. ಒಳಗೆ ನಟ್ಟನಡುವೆ ಒಂದೇ ಒಂದು ಕಂಬ, ನಾಲ್ಕು ಗುಮ್ಮಟಗಳ ಭಾರವೂ ಅದರ ಮೇಲೆ. ಗೋಡೆಯ ಸಣ್ಣ ಕಿಂಡಿಗಳಿಂದ ಗಾಳಿ ಬರುತ್ತದೆ, ಗೂಡುಗಳಲ್ಲಿ ಕುರ್‌ಆನ್ ಪ್ರತಿಗಳು. ಹೊರಗೆ ಕುದಿಯುವ ಬಿಸಿಲಿದ್ದರೂ ಒಳಗೆ ಬಾವಿಯ ಬಳಿ ನಿಂತಷ್ಟು ತಂಪು.

ನಾನು ಅಂಗಳದಲ್ಲೇ ನಿಂತೆ. ಅಭ್ಯಾಸ. ನಮ್ಮ ಊರಿನ ಮಸೀದಿಯನ್ನು ನಾನು ಹುಟ್ಟಿದಂದಿನಿಂದ ರಸ್ತೆಯಿಂದ ನೋಡಿದ್ದೇನೆಯೇ ಹೊರತು ಅದರ ಮೆಟ್ಟಿಲು ಹತ್ತಿದವಳಲ್ಲ. ಕಾವಲಿಗಿದ್ದ ಮುದುಕ ಉರ್ದುವಿನಲ್ಲಿ, "ಒಳಗೆ ಬಾ ಮಗಳೇ, ಅಲ್ಲಾಹನ ಮನೆ" ಎಂದ. ವುಝೂ ಮಾಡಿ ಒಳಗೆ ಹೋಗಿ ಆ ಕಂಬದ ಪಕ್ಕ ಎರಡು ರಕಅತ್ ನಮಾಝ್ ನಿರ್ವಹಿಸಿದೆ. ಸುಜೂದ್‌ನಿಂದ ಏಳಲು ಮನಸ್ಸಾಗಲಿಲ್ಲ. ಅಲ್ಲಿ ಹೆದ್ದಾರಿಯ ಪೆಟ್ರೋಲ್ ಪಂಪುಗಳಲ್ಲೂ ಮಹಿಳೆಯರಿಗೆ ನಮಾಝಿನ ಕೋಣೆ ಇರುತ್ತದೆ. ದಾರಿಯಲ್ಲಿ ನಮಾಝ್ ತಪ್ಪುತ್ತದೆಂಬ ಚಿಂತೆಯಿಲ್ಲದೆ ಹೆಂಗಸರು ಪ್ರಯಾಣ ಮಾಡಬಹುದೆಂದು ನಾನು ಕಲಿತದ್ದು ಆ ರಸ್ತೆಗಳಲ್ಲಿ.

ಮಸೀದಿಯ ಹಿಂದಿನ ಗುಡ್ಡದ ಮೇಲೆ ಎರಡು ಹಳೆಯ ಕಾವಲು ಗೋಪುರಗಳಿವೆ. ಹತ್ತಿ ಕುಳಿತೆವು. ಒಂದು ಬದಿಗೆ ಖರ್ಜೂರದ ತೋಟ, ಸಮುದ್ರ, ಇನ್ನೊಂದು ಬದಿಗೆ ಬೆಟ್ಟ. ಅಸರ್ ಕಳೆದು ಸೂರ್ಯ ಬೆಟ್ಟದ ಹಿಂದೆ ಸರಿಯತೊಡಗಿದಾಗ ನನಗೆ ತಬ್ಬಿಬ್ಬಾಯಿತು. ನಮ್ಮ ಪಣಂಬೂರಿನಲ್ಲಿ ಸೂರ್ಯ ಸಮುದ್ರಕ್ಕೆ ಇಳಿಯುತ್ತಾನೆ. ಇಲ್ಲಿ ಸಮುದ್ರದಿಂದ ಎದ್ದು ಗುಡ್ಡಕ್ಕೆ ಇಳಿಯುತ್ತಾನೆ. ಇದನ್ನು ಹೇಳಿ ಇವರತ್ತ ತಿರುಗಿದರೆ ಇವರು ಬೇರೆಲ್ಲೋ ಇದ್ದರು. ಸ್ವಲ್ಪ ಹೊತ್ತಿನ ನಂತರ, "ಬಾಪ ತೀರಿಕೊಂಡ ದಿನ ರಜೆ ಸಿಗಲಿಲ್ಲ. ಗೋದಾಮಿನಲ್ಲಿ ಸಂಜೆಯವರೆಗೆ ಪೆಟ್ಟಿಗೆ ಎಣಿಸಿದೆ. ಎಷ್ಟೆಂದು ಈಗಲೂ ನೆನಪಿದೆ, 340" ಎಂದರು. ನನ್ನ ಮಾವ ತೀರಿಕೊಂಡದ್ದು 2001ರಲ್ಲಿ. ನಾನು ಆ ಮನೆಗೆ ಸೊಸೆಯಾಗಿ ಬಂದು ಐದು ವರ್ಷವಾಗಿತ್ತು. ಆದರೂ ಈ ಮಾತು ನನಗಾಗಲಿ ಅತ್ತೆಗಾಗಲಿ ಗೊತ್ತಿರಲಿಲ್ಲ. ಎರಡು ವರ್ಷಕ್ಕೊಮ್ಮೆ ನಲವತ್ತು ದಿನ ಊರಿಗೆ ಬರುವವರು ಇಂಥದ್ದನ್ನು ಹೇಳಲು ಯಾವ ದಿನವನ್ನು ಆರಿಸಿಕೊಳ್ಳಬೇಕು? ಮದುವೆ, ಸೀಮಂತ, ಬ್ಯಾಂಕು, ನೆಂಟರ ಮನೆ, ಅಷ್ಟರಲ್ಲಿ ದಿನ ಮುಗಿದಿರುತ್ತದೆ.

ಆ ಪ್ರವಾಸಗಳ ಫೋಟೊಗಳನ್ನು ಆಲ್ಬಮ್ ಮಾಡಿ ಊರಿಗೆ ಹೋಗುವವರ ಕೈಯಲ್ಲಿ ಕಳಿಸಿದ್ದು ನನ್ನ ತಪ್ಪು. ಅತ್ತೆ ಫೋನಿನಲ್ಲಿ ಮಗನಿಗೆ ಹೇಳಿದ್ದು ಒಂದೇ ಮಾತು: "ಅಲ್ಲಿ ಸುತ್ತಾಡಲು ಹಣ ಇದೆ, ಇಲ್ಲಿ ಮಾಡಿಗೆ ಹಂಚು ಹಾಕಲು ಇಲ್ಲ." ಅವರನ್ನು ನಾನು ದೂರುವುದಿಲ್ಲ. ಜೂನ್ ತಿಂಗಳಲ್ಲಿ ಪಾತ್ರೆ ಇಟ್ಟು ಸೋರುವ ನೀರು ಹಿಡಿಯುತ್ತಿದ್ದವರು ಅವರು. ಇವರು ಕಾರಿನ ಕೀಲಿಯನ್ನು ಕಪಾಟಿನ ಮೇಲಿಟ್ಟರು. ಐದು ತಿಂಗಳು ನಾವು ಎಲ್ಲಿಗೂ ಹೋಗಲಿಲ್ಲ. ಇವರು ಮತ್ತೆ ಶುಕ್ರವಾರ ಮಲಗತೊಡಗಿದರು, ನಾನು ಮತ್ತೆ ಗೋಡೆ ನೋಡತೊಡಗಿದೆ. ಮಾತು ಕಡಿಮೆಯಾಯಿತು. ಜಗಳವಾದರೂ ಆಗಿದ್ದರೆ ಚೆನ್ನಾಗಿತ್ತು.

ಕೊನೆಗೆ ಒಂದು ರಾತ್ರಿ ಲೆಕ್ಕದ ಪುಸ್ತಕ ತೆಗೆದು ಕುಳಿತೆ. ಬಿದಿಯಾಕ್ಕೆ ಹೋಗಿ ಬಂದದ್ದಕ್ಕೆ ಪೆಟ್ರೋಲು ಸುಮಾರು 30 ದಿರ್ಹಮ್, ಜೋಳ ಮತ್ತು ಚಹಾ 8. ಊಟ ಮನೆಯದೇ. ಇಬ್ಬರೂ ಒಂದು ಒಪ್ಪಂದಕ್ಕೆ ಬಂದೆವು: ಮೊದಲು ಹಂಚಿನ ಹಣ, ಆಮೇಲೆ ತಿಂಗಳಿಗೆ ಎರಡೇ ಶುಕ್ರವಾರ, ಹೋಟೆಲ್ ಇಲ್ಲ, ರಾತ್ರಿ ತಂಗುವುದಿಲ್ಲ. ಮುಂದಿನ ಮಳೆಗಾಲಕ್ಕೆ ಮಾಡಿಗೆ ಹೊಸ ಹಂಚು ಬಂತು. ಅತ್ತೆಗೆ ಫೋನ್ ಮಾಡಿ ನಾನೇ ಹೇಳಿದೆ, "ಇವತ್ತು ಅಲ್ ಐನ್‌ಗೆ ಹೋಗುತ್ತಿದ್ದೇವೆ ಅತ್ತೆ, ದುಆ ಮಾಡಿ." ಆ ಕಡೆಯಿಂದ ಸ್ವಲ್ಪ ಹೊತ್ತು ಮೌನ. ಆಮೇಲೆ, "ಗಾಡಿ ನಿಧಾನ ಬಿಡಲು ಹೇಳು" ಎಂದರು.

ಅಲ್ ಐನ್ ಅಬುಧಾಬಿಗೆ ಸೇರಿದ, ಓಮಾನ್ ಗಡಿಯ ಊರು. ಪೇಟೆಯ ನಡುವೆಯೇ ದೊಡ್ಡ ಖರ್ಜೂರದ ತೋಪು, ಮರಗಳು ಒಂದೂವರೆ ಲಕ್ಷದ ಹತ್ತಿರ. 2011ರಲ್ಲಿ ಯುನೆಸ್ಕೊ ಇಲ್ಲಿಯ ತಾಣಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದೆ. ಮಣ್ಣಿನ ಗೋಡೆಗಳ ನಡುವಿನ ದಾರಿಯಲ್ಲಿ ನೆರಳಲ್ಲೇ ಗಂಟೆಗಟ್ಟಲೆ ನಡೆಯಬಹುದು. ಆದರೆ ನನ್ನನ್ನು ನಿಲ್ಲಿಸಿದ್ದು ಫಲಜ್. ಬೆಟ್ಟದ ಬುಡದ ನೆಲದಡಿಯ ನೀರನ್ನು ಸುರಂಗದಲ್ಲಿ ಇಳಿಜಾರಾಗಿ ಹರಿಸಿ, ತೋಟಕ್ಕೆ ತಂದು, ಸಣ್ಣ ಕಾಲುವೆಗಳಲ್ಲಿ ಸರದಿಯಂತೆ ಹಂಚುವ ಏರ್ಪಾಡು ಅದು. ಪಂಪಿಲ್ಲ, ಕರೆಂಟಿಲ್ಲ. ಅಲ್ ಐನ್‌ನ ಹೀಲಿ ಎಂಬಲ್ಲಿ ಸಿಕ್ಕಿರುವ ಫಲಜ್‌ಗೆ ಸುಮಾರು 3000 ವರ್ಷ. ಬಂಟ್ವಾಳ ತಾಲೂಕಿನ ಮಾಣಿಲ, ಅಡ್ಯನಡ್ಕ ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆ ಗುಡ್ಡಗಳಲ್ಲಿ ಈಗಲೂ ಸುರಂಗದ ನೀರಿನಿಂದ ಬದುಕುವ ಅಡಿಕೆ ತೋಟಗಳಿವೆ. ನನ್ನ ಅಜ್ಜ ಹಾರೆ ಹಿಡಿದು ಅಂಥದ್ದೊಂದನ್ನು ಕೊರೆದವರು. ಕಾಲುವೆಗೆ ಕೈಯಿಟ್ಟು ಕುಳಿತು ಅಜ್ಜನ ಕಥೆಯನ್ನು ನಾನು ಇವರಿಗೆ ಹೇಳಿದೆ. ಈ ಬಾರಿ ಕೇಳುವ ಸರದಿ ಅವರದು.

ಒಂದು ವಿಷಯವನ್ನು ಮಾತ್ರ ವರ್ಷಗಟ್ಟಲೆ ಮುಚ್ಚಿಟ್ಟೆ. ನನ್ನ ಓರಗಿತ್ತಿಯ ಗಂಡ, ಅಂದರೆ ನನ್ನ ಮೈದುನ, ಸೌದಿಯ ದಮ್ಮಾಮ್‌ನಲ್ಲಿ. ಕುಟುಂಬವನ್ನು ಕರೆಸಿಕೊಳ್ಳುವಷ್ಟು ಸಂಬಳ ಅವನಿಗಿರಲಿಲ್ಲ. ಅವಳ ಹತ್ತಿರ ನಾನು ಪ್ರವಾಸದ ಮಾತೆತ್ತುತ್ತಿರಲಿಲ್ಲ. ಅವಳಿಗೆ ನೋವಾಗಬಾರದೆಂದು. 2014ರಲ್ಲಿ ಊರಿಗೆ ಹೋದಾಗ ಅಡುಗೆಮನೆಯಲ್ಲಿ ಮೀನು ಕೊಯ್ಯುತ್ತಾ ಅವಳೇ ಕೇಳಿದಳು: "ಅಕ್ಕಾ, ನೀವು ಹೋದ ಜಾಗಗಳನ್ನು ನನಗೆ ಯಾಕೆ ಹೇಳುವುದಿಲ್ಲ? ನನಗೆ ಅವರ ರೂಮಿನ ಬಣ್ಣವೂ ಗೊತ್ತಿಲ್ಲ. ನೀವು ಹೇಳಿದರೆ ಅಲ್ಲಿ ಹೀಗಿರಬಹುದು ಎಂದು ಅಂದಾಜಾದರೂ ಆಗುತ್ತಿತ್ತು." ಅವಳಿಗೆ ಕರುಣೆ ತೋರಿಸುತ್ತಿದ್ದೇನೆಂದು ನಾನು ತಿಳಿದಿದ್ದೆ. ಅಂದು ರಾತ್ರಿ ಮಕ್ಕಳು ಮಲಗಿದ ಮೇಲೆ ಅಬ್ರಾದಿಂದ ಹಿಡಿದು ಎಲ್ಲವನ್ನೂ ಹೇಳಿದೆ. ಸಮುದ್ರದಿಂದ ಏಳುವ ಸೂರ್ಯನ ಮಾತು ಬಂದಾಗ ಅವಳು ನಂಬಲಿಲ್ಲ. ಮರುದಿನದಿಂದ ಅವಳು ಗಂಡನಿಗೆ ಫೋನಿನಲ್ಲಿ ಕೇಳುವ ಪ್ರಶ್ನೆಗಳೇ ಬದಲಾದವು. ಅವನು ಮೊದಮೊದಲು ರೇಗಿದನಂತೆ. ಆಮೇಲೆ ಶುಕ್ರವಾರ ಹೊರಗೆ ಹೋಗಿ ಬಂದು ಹೇಳತೊಡಗಿದನಂತೆ.

ನಾವು ಕೊನೆಯದಾಗಿ ಖೋರ್‌ಫಕ್ಕಾನ್‌ಗೆ ಹೋದದ್ದು 2019ರಲ್ಲಿ. ಆ ವರ್ಷ ಶಾರ್ಜಾದಿಂದ ಬೆಟ್ಟಗಳೊಳಗೆ ಐದು ಸುರಂಗ ಕೊರೆದು 89 ಕಿ.ಮೀ. ಉದ್ದದ ಹೊಸ ರಸ್ತೆ ತೆರೆಯಿತು. ಒಂದು ಗಂಟೆಯೊಳಗೆ ತಲುಪಿದೆವು. ಚೆನ್ನಾಗಿತ್ತು, ಆದರೆ ಪತ್ತಿರ್ ಬಿಚ್ಚಲೂ ಹೊತ್ತು ಸಾಲಲಿಲ್ಲ. ಅದೇ ವರ್ಷದ ಕೊನೆಗೆ ಊರಿಗೆ ಮರಳಿದೆವು. 2022ರಿಂದ ಆ ದೇಶದಲ್ಲಿ ವಾರದ ರಜೆ ಶನಿವಾರ-ಭಾನುವಾರಕ್ಕೆ ಬದಲಾಗಿದೆ, ಶಾರ್ಜಾದಲ್ಲಿ ಮಾತ್ರ ಸರಕಾರಿ ಕಚೇರಿಗಳಿಗೆ ಶುಕ್ರವಾರವೂ ಸೇರಿ ಮೂರು ದಿನ. ನಿಮ್ಮಲ್ಲಿ ಯಾರಾದರೂ ವಿಸಿಟ್ ವೀಸಾದಲ್ಲಿ ಹೋಗುವುದಿದ್ದರೆ ನವೆಂಬರಿನಿಂದ ಮಾರ್ಚಿನೊಳಗೆ ಹೋಗಿ. ಮಕ್ಕಳಿದ್ದರೆ ಜುಲೈ ತಿಂಗಳ ಹಗಲಿನಲ್ಲಿ ತಿರುಗಾಟ ಬೇಡವೇ ಬೇಡ. ಮಳೆಯ ಮುನ್ಸೂಚನೆಯಿದ್ದರೆ ಬೆಟ್ಟದ ಕಣಿವೆಗಳಿಗೆ ಇಳಿಯಬೇಡಿ. ಒಣಗಿದ ಹಳ್ಳದಲ್ಲಿ ನೋಡುತ್ತಿದ್ದಂತೆ ಪ್ರವಾಹ ಬರುತ್ತದೆ. ನೀರು ತುಂಬಿದ ಕಣಿವೆಗೆ ವಾಹನ ಇಳಿಸಿದವರಿಗೆ 2023ರ ನಿಯಮದಂತೆ 2000 ದಿರ್ಹಮ್ ದಂಡವೂ ಇದೆ.

ಕಳೆದ ಚಳಿಗಾಲದಲ್ಲಿ ನನ್ನ ಓರಗಿತ್ತಿ ಮೂರು ತಿಂಗಳ ವಿಸಿಟ್ ವೀಸಾದಲ್ಲಿ ದಮ್ಮಾಮ್‌ಗೆ ಹೋದಳು. ಅಲ್‌ಹಮ್ದುಲಿಲ್ಲಾಹ್, ಮದುವೆಯಾಗಿ ಹದಿನಾರು ವರ್ಷದ ಮೇಲೆ. ಎರಡನೆಯ ಶುಕ್ರವಾರ ಬೆಳಿಗ್ಗೆ ನನ್ನ ಮೊಬೈಲ್ ಹೊಡೆದುಕೊಂಡಿತು. ವೀಡಿಯೊ ಕಾಲ್. ಅಲ್ ಖೋಬರ್‌ನ ಸಮುದ್ರ ದಂಡೆಯಂತೆ. ಮುಖ ಕಾಣಿಸುತ್ತಿರಲಿಲ್ಲ, ಫೋನನ್ನು ಸಮುದ್ರದ ಕಡೆ ತಿರುಗಿಸಿ ಹಿಡಿದಿದ್ದಳು. "ನೋಡಿ ಅಕ್ಕಾ, ಇಲ್ಲಿಯೂ ನೀರಿನಿಂದಲೇ ಏಳುತ್ತಿದೆ," ಎಂದಳು. ಹಿಂದಿನಿಂದ ಮೈದುನನ ದನಿ ಕೇಳಿಸಿತು, ಚಹಾ ಆರಿಹೋಗುತ್ತದೆ ಎಂದು ಅವಳನ್ನು ಕರೆಯುತ್ತಿದ್ದ.