ಹಳ್ಳದ ಕಾಡಿನ ಕಾಗದಪತ್ರ

2025 ಜನವರಿ 12, ಮೂಡಿಗೆರೆ

ತಮ್ಮ ಫೋನ್ ಮಾಡಿದ್ದ. ಕಾಫಿಗೆ ಈ ರೇಟು ಬಂದಿರುವಾಗ ನಾನು ಹಳ್ಳದ ಪಕ್ಕದ ಕಾಡನ್ನು ಹಾಗೇ ಬಿಟ್ಟಿರುವುದು ಅವನಿಗೆ ಸಹಿಸಲಾಗುತ್ತಿಲ್ಲ. "ಅಡಿಕಾಡು ಸವರಿಸಿ ರೊಬಸ್ಟಾ ಹಾಕಣ್ಣ, ಇಲ್ಲಾ ಹೋಂಸ್ಟೇ ಮಾಡೋರಿಗಾದ್ರೂ ಕೊಡು" ಅಂದ. ಪಾಲಿನಲ್ಲಿ ಆ ತುಂಡು ಬಂದದ್ದು ನನಗೆ. ನಾನಿರುವ ತನಕ ಅಲ್ಲಿಗೆ ಕತ್ತಿ ಹೋಗುವುದಿಲ್ಲ. ಆದರೆ ಒಬ್ಬ ಮುದುಕನ ಆಯುಸ್ಸಿನಷ್ಟೇ ಕಾಡಿನ ಆಯುಸ್ಸೂ ಆದರೆ ಅದನ್ನು ಉಳಿಸಿದೆ ಅನ್ನುವುದು ಹೇಗೆ?

ಜನವರಿ 20

ವಕೀಲರ ಹತ್ತಿರ ಹೋಗಿದ್ದೆ. ಮಗಳ ಹೆಸರಿಗೆ ದಾನಪತ್ರ ಮಾಡಿ, "ಮಾರಬಾರದು, ಕಡಿಯಬಾರದು" ಎಂದು ಷರತ್ತು ಬರೆಸಿದರೆ ಸಾಕಲ್ಲವೇ ಎಂದು ಕೇಳಿದೆ. ಸಾಲದಂತೆ. ಜಮೀನು ಪೂರ್ತಿಯಾಗಿ ಕೊಟ್ಟು, ಮಾರಲೇಬಾರದು ಎಂದು ಕಟ್ಟುಹಾಕಿದರೆ 1882ರ ಆಸ್ತಿ ವರ್ಗಾವಣೆ ಕಾಯ್ದೆಯ 10ನೇ ಕಲಮಿನ ಪ್ರಕಾರ ಆ ಷರತ್ತು ಬಿದ್ದುಹೋಗುತ್ತದೆ, ದಾನ ಮಾತ್ರ ಉಳಿಯುತ್ತದೆ.

ಅಮೆರಿಕದಲ್ಲಿ ಇದಕ್ಕೆ ಕನ್ಸರ್ವೇಶನ್ ಈಸ್‌ಮೆಂಟ್ ಎಂಬ ದಾರಿ ಇದೆ. ಒಡೆತನ ಮಾಲೀಕನದೇ. ಕಟ್ಟುವ, ಕಡಿಯುವ, ತುಂಡು ಮಾಡಿ ಮಾರುವ ಹಕ್ಕನ್ನಷ್ಟೇ ಅವನು ಒಂದು ಲ್ಯಾಂಡ್ ಟ್ರಸ್ಟಿಗೆ ಶಾಶ್ವತವಾಗಿ ಬಿಟ್ಟುಕೊಡುತ್ತಾನೆ. ಮುಂದೆ ಯಾರು ಕೊಂಡರೂ ಆ ಕಟ್ಟು ಭೂಮಿಯ ಜೊತೆಗೇ ಹೋಗುತ್ತದೆ. ನಮ್ಮ ಈಸ್‌ಮೆಂಟ್ ಕಾಯ್ದೆಯೂ 1882ರದೇ, ಆದರೆ ಅದಕ್ಕೆ ಪ್ರಯೋಜನ ಪಡೆಯುವ ಇನ್ನೊಂದು ಜಮೀನು ಇರಲೇಬೇಕು. ನನ್ನ ಕಾಡಿನ ಪ್ರಯೋಜನ ಪಡೆಯುವ ಮಂಗಟ್ಟೆ ಹಕ್ಕಿಗೆ ಸರ್ವೆ ನಂಬರಿಲ್ಲ. ಅಮೆರಿಕದಂಥದೊಂದು ಕಾನೂನು ನಮಗೆ ಬೇಕೇ ಬೇಕು.

ಫೆಬ್ರವರಿ 2

ಬೆಳಿಗ್ಗೆ ಪೂರ್ತಿ ಕಾಡಿನಲ್ಲೇ ಕಳೆದೆ. ಹೆಬ್ಬಲಸಿನ ಪೊಟರೆಯಲ್ಲಿ ಬೂದು ಮಂಗಟ್ಟೆ ಗೂಡು ಹೂಡಿದೆ. ಹೆಣ್ಣು ಒಳಗೆ ಕೂತು ಪೊಟರೆಯ ಬಾಯಿ ಮುಚ್ಚಿಕೊಂಡಿದೆ, ಸಣ್ಣ ಸೀಳೊಂದು ಉಳಿದಿದೆ. ಗಂಡು ಹಣ್ಣು ತಂದು ಆ ಸೀಳಿನಲ್ಲಿ ಇಡುತ್ತಿತ್ತು. ಮರಿ ಬಲಿಯುವ ತನಕ ಆ ಸಂಸಾರ ನಡೆಯಬೇಕಾದರೆ ಪೊಟರೆ ಬಿದ್ದ ಹಳೇ ಮರವೂ ಬೇಕು, ಸುತ್ತ ಹಣ್ಣಿನ ಮರಗಳೂ ಬೇಕು. ತೋಟದ ನೆರಳಿಗೆ ನೆಟ್ಟ ಸಿಲ್ವರ್ ಓಕ್ ಎರಡನ್ನೂ ಕೊಡುವುದಿಲ್ಲ. ಕೆಳಗೆ ಹಳ್ಳದಲ್ಲಿ ನೀರು ಇನ್ನೂ ಹರಿಯುತ್ತಿದೆ. ಬೇಸಿಗೆಯಲ್ಲಿ ಕೆಳಗಿನ ಮನೆಯವರು ಕುಡಿಯುವುದು ಇದನ್ನೇ.

ಫೆಬ್ರವರಿ 17

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಹೋಗಿ ಬಂದೆ. ಹುಣಸೆ ಮರಗಳ ತುಂಬ ಬಣ್ಣದ ಕೊಕ್ಕರೆ, ಹೆಜ್ಜಾರ್ಲೆ. ಎಷ್ಟೋ ಮರಗಳು ಊರಿನವರ ಹಿತ್ತಿಲಿನವು. ಹಕ್ಕಿ ಕೂತ ಮರದಲ್ಲಿ ಹುಣಸೆ ಫಸಲು ಕೈಗೆ ಸಿಗದು, ಅದಕ್ಕೆ ಅರಣ್ಯ ಇಲಾಖೆ ಪರಿಹಾರ ಕೊಡುತ್ತದೆ. 2007ರಲ್ಲಿ ಇದು ಸಮುದಾಯ ಮೀಸಲು ಪ್ರದೇಶವಾಯಿತು.

ನನಗೆ ಬೇಕಾದ ಕಲಮು ಇಲ್ಲೇ ಇದೆ. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2002ರ ತಿದ್ದುಪಡಿಯಲ್ಲಿ ಸೇರಿದ 36ಸಿ. ಊರಿನವರಷ್ಟೇ ಅಲ್ಲ, ಒಬ್ಬ ವ್ಯಕ್ತಿ ತಾನಾಗಿ ಮುಂದೆ ಬಂದರೂ ಸರ್ಕಾರ ಅವನ ಖಾಸಗಿ ಜಮೀನನ್ನು ಹೀಗೆ ಘೋಷಿಸಬಹುದು. ಆಮೇಲೆ ಭೂಬಳಕೆ ಬದಲಿಸಬೇಕಾದರೆ ನಿರ್ವಹಣಾ ಸಮಿತಿಯ ನಿರ್ಣಯವೂ ಸರ್ಕಾರದ ಒಪ್ಪಿಗೆಯೂ ಬೇಕು. ಇಲಾಖೆ ಒಳಗೆ ಬಂದರೆ ಜಮೀನು ಹೋದ ಹಾಗೇ ಎಂದು ನಮ್ಮ ಕಡೆ ಎಲ್ಲರಿಗೂ ಭಯ. ಬೆಳ್ಳೂರಿನ ಹಿತ್ತಿಲುಗಳು ಇಂದಿಗೂ ಬೆಳ್ಳೂರಿನವರವೇ.

ಮಾರ್ಚ್ 5

ಇನ್ನೊಂದು ದಾರಿ ಸಾರ್ವಜನಿಕ ಟ್ರಸ್ಟ್. ಆಸ್ತಿ ವರ್ಗಾವಣೆ ಕಾಯ್ದೆಯ 18ನೇ ಕಲಮು, ಜನರ ಹಿತಕ್ಕಾಗಿ ಕೊಟ್ಟ ಆಸ್ತಿ ಶಾಶ್ವತವಾಗಿ ಅದಕ್ಕೇ ಮೀಸಲಾಗಿರಲು ಬಿಡುತ್ತದೆ. ಪರಿಸರ, ಕಾಡು, ವನ್ಯಜೀವಿಗಳ ರಕ್ಷಣೆಯನ್ನು ಆದಾಯ ತೆರಿಗೆ ಕಾಯ್ದೆ 2009ರಿಂದ ಧರ್ಮಕಾರ್ಯವೆಂದೇ ಎಣಿಸಿದೆ. ಟ್ರಸ್ಟುಗಳು ಕೃಷಿ ಜಮೀನು ಹೊಂದದಂತೆ ತಡೆಯುತ್ತಿದ್ದ ನಮ್ಮ ಭೂಸುಧಾರಣಾ ಕಾಯ್ದೆಯ 79ಬಿ ಕಲಮು 2020ರಲ್ಲಿ ಹೋಯಿತು. ಆ ತಿದ್ದುಪಡಿಯ ಬಗ್ಗೆ ನನಗೆ ಬೇರೆ ಅನೇಕ ತಕರಾರುಗಳಿವೆ, ಆದರೆ ಈ ಬಾಗಿಲು ತೆರೆದದ್ದೂ ಅದೇ.

ಕೊಡಗಿನಲ್ಲಿ ಪಮೇಲಾ ಮತ್ತು ಅನಿಲ್ ಮಲ್ಹೋತ್ರಾ ದಂಪತಿ 1991ರಲ್ಲಿ 55 ಎಕರೆ ಕೊಂಡು ಶುರು ಮಾಡಿದ ಸಾಯಿ ಸ್ಯಾಂಕ್ಚುಯರಿ ಸುಮಾರು 300 ಎಕರೆಗೆ ಬೆಳೆಯಿತು. ಅನಿಲ್ 2021ರಲ್ಲಿ ತೀರಿಕೊಂಡರು. ಮಾಲೀಕ ಹೋದ ಮೇಲೂ ಕಾವಲುಗಾರನಿಗೆ ಸಂಬಳ ಕೊಡುವವರು ಇರಬೇಕು. ಜಮೀನಿನ ಜೊತೆ ಒಂದಿಷ್ಟು ಇಡುಗಂಟನ್ನೂ ಬರೆದುಕೊಡಬೇಕು.

ಮಾರ್ಚ್ 16

ಮಕ್ಕಳಿಬ್ಬರೂ ಬಂದಿದ್ದರು. ಪಿತ್ರಾರ್ಜಿತವಾದ್ದರಿಂದ ನನ್ನೊಬ್ಬನ ಸಹಿ ಸಾಲದು, ಅವರ ಒಪ್ಪಿಗೆಯೂ ಬೇಕು. ಮಗಳು ಕೂಡಲೇ ಹೂಂ ಅಂದಳು. ಮಗ ಕೇಳಿದ: "ಅಪ್ಪಾ, ಟ್ರಸ್ಟಿನವರೇ ಮಾರಿದರೆ?" ಒಳ್ಳೆಯ ಪ್ರಶ್ನೆ. ಮಾರುವ ಅಧಿಕಾರವೇ ಇಲ್ಲ ಎಂದು ಟ್ರಸ್ಟ್ ಪತ್ರದಲ್ಲಿ ಬರೆಯಬೇಕು. ಟ್ರಸ್ಟ್ ಮುಚ್ಚಿದರೆ ಇದೇ ಉದ್ದೇಶದ ಇನ್ನೊಂದಕ್ಕೆ ಹೋಗಬೇಕು. ಟ್ರಸ್ಟಿನವರು ತಪ್ಪಿದರೆ ಸಂಬಂಧಪಟ್ಟ ಇಬ್ಬರು ಕೋರ್ಟಿನ ಅನುಮತಿ ಪಡೆದು ಸಿವಿಲ್ ಪ್ರಕ್ರಿಯಾ ಸಂಹಿತೆಯ 92ನೇ ಕಲಮಿನಡಿ ದಾವೆ ಹೂಡಬಹುದು. ಅದರ ಮೇಲೆ 36ಸಿ ಘೋಷಣೆಯೂ ಸಿಕ್ಕರೆ ಬಾಗಿಲಿಗೆ ಎರಡು ಬೀಗ ಹಾಕಿದಂತೆ. ನನ್ನ ತೀರ್ಮಾನ ಇದೇ: ಎರಡೂ ಬೇಕು. ಮಗ ಒಪ್ಪಿದ.

ಮಾರ್ಚ್ 24

ಕಾಡಿನ ತುಂಡನ್ನು ತೋಟದಿಂದ ಬೇರೆ ಮಾಡಲು 11ಇ ಸ್ಕೆಚ್‌ಗೆ ಅರ್ಜಿ ಹಾಕಿದೆ. ಅಪ್ಪ ಹಳ್ಳದ ಅಂಚಿಗೆ ನೆಟ್ಟ ಕಾಫಿ ಸಾಲುಗಳನ್ನು ಯಾವ ಕಡೆಗೆ ಬಿಡುವುದು ಎಂದು ತಮ್ಮ ಕೇಳಿದ. ಅಲ್ಲಿಯವರೆಗೂ ಗೊಬ್ಬರ, ಔಷಧಿ ಹೊಡೆದರೆ ನೇರ ನೀರಿಗೇ ಇಳಿಯುತ್ತದೆ. ಸರ್ವೆಯರ್ ಬಂದಾಗ ಆ ಸಾಲುಗಳನ್ನೂ ಕಾಡಿನ ಗೆರೆಯೊಳಗೇ ಸೇರಿಸಲು ಹೇಳುತ್ತೇನೆ.