ಬೂದಿ ಮುಚ್ಚಿದ ಕೆಂಡ

ತರಗತಿಯಲ್ಲಿ ಒಮ್ಮೆ 'ಬೂದಿ ಮುಚ್ಚಿದ ಕೆಂಡ' ಎಂಬ ಮಾತು ಬಂದಿತು. ಅರ್ಥವನ್ನು ಎಲ್ಲರೂ ಥಟ್ಟನೆ ಹೇಳಿದರು. ಕೆಂಡವನ್ನು ಕಂಡಿದ್ದವರು ಮಾತ್ರ ನಾಲ್ಕೈದು ಮಂದಿ. ಗ್ಯಾಸಿನ ಒಲೆಯ ಕಾಲದ ಮಕ್ಕಳು, ಪಾಪ! ಸೌದೆ ಒಲೆ ಹೋದಮೇಲೆ ಪಟ್ಟಣದ ಮನೆಗಳಲ್ಲಿ ಅಂಥ ಕೆಂಡ ಉಳಿದಿರುವುದು ಹೆಚ್ಚಾಗಿ ಎರಡೇ ಕಡೆ: ಊದುಬತ್ತಿಯ ತುದಿಯಲ್ಲಿ, ಸಿಗರೇಟಿನ ತುದಿಯಲ್ಲಿ. ಮೊದಲನೆಯದಕ್ಕೆ ಹಿತ್ತಾಳೆಯ ಪೀಠ ಮಾಡಿಸಿ ದೇವರ ಮುಂದೆ ಇಟ್ಟಿದ್ದೇವೆ. ಎರಡನೆಯದಕ್ಕೆ ಮನೆಯಲ್ಲಿ ಜಾಗವೇ ಇಲ್ಲ.

ಜಾಗವಿಲ್ಲವೆಂದ ಮಾತ್ರಕ್ಕೆ ಸಿಗರೇಟು ಇಲ್ಲವೆಂದಲ್ಲ. ಮಧ್ಯಮವರ್ಗದ ಮನೆಗಳಲ್ಲಿ ಅದು ಬಚ್ಚಲು, ತಾರಸಿ, ಬಾಲ್ಕನಿಗಳಲ್ಲಿ ಅಜ್ಞಾತವಾಸ ಮಾಡುತ್ತದೆ. ಹೆಜ್ಜೆಯ ಸಪ್ಪಳ ಕೇಳಿದೊಡನೆ ಉರಿಯುವ ತುಂಡು ಹಳೆಯ ಪತ್ರಿಕೆಗಳ ಕಟ್ಟಿನ ಹಿಂದಕ್ಕೋ, ಒಣಗಿದ ಹೂಕುಂಡಕ್ಕೋ, ಕೆಳಮನೆಯವರು ಹರವಿದ ಬಟ್ಟೆಯ ಮೇಲಕ್ಕೋ ಹಾರುತ್ತದೆ. ಬೂದಿಯ ಮುಚ್ಚಳ ಸಾಲದೆಂದು ನಾವು ಮರ್ಯಾದೆಯ ಮುಚ್ಚಳವನ್ನೂ ಹಾಕುತ್ತೇವೆ!

ಬೀಡಿಯನ್ನು ಎಳೆಯದೆ ಬಿಟ್ಟರೆ ಸಾಮಾನ್ಯವಾಗಿ ಬೇಗ ಆರುತ್ತದೆ. ಸಿಗರೇಟಿನ ಕಾಗದ ಹಾಗಲ್ಲ. ಎಳೆಯದಿದ್ದರೂ ಕೊನೆಯವರೆಗೆ ಉರಿಯಬಲ್ಲದು. ಆ ಕಿಡಿ ಹತ್ತಿಯ ಹಾಸಿಗೆಯ ಮೇಲೆ ಬಿದ್ದರೆ ಸಾಮಾನ್ಯವಾಗಿ ಕೂಡಲೇ ಜ್ವಾಲೆ ಏಳುವುದಿಲ್ಲ. ಒಳಗೊಳಗೇ ಗಂಟೆಗಟ್ಟಲೆ ಕೊರೆಯುತ್ತ ಹೋಗುತ್ತದೆ. ಜ್ವಾಲೆಗಿಂತ ಮೊದಲು ಬರುವುದು ಹೊಗೆ. ಅದರಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ಮಲಗಿದವನನ್ನು ಎಬ್ಬಿಸುವುದಿಲ್ಲ, ಇನ್ನೂ ಆಳಕ್ಕೆ ಮಲಗಿಸುತ್ತದೆ. ಎಳೆಯದಿದ್ದರೆ ಆರಿಹೋಗುವಂಥ, ಸಾಮಾನ್ಯವಾಗಿ ಕಾಗದದಲ್ಲಿ ದಪ್ಪ ಪಟ್ಟಿಗಳಿರುವ ಸಿಗರೇಟನ್ನೇ ಮಾರಬೇಕೆಂಬ ಕಟ್ಟಳೆಯನ್ನು ನ್ಯೂಯಾರ್ಕ್ ರಾಜ್ಯ 2004ರಲ್ಲಿ ಜಾರಿಗೆ ತಂದಿತು. 2011ರಲ್ಲಿ ಯೂರೋಪಿನ ಒಕ್ಕೂಟವೂ ಅದೇ ದಾರಿ ಹಿಡಿಯಿತು. ಆದರೆ ಆ ಪಟ್ಟಿಯನ್ನು ನಂಬಿ ನಿದ್ದೆ ಮಾಡುವಂತಿಲ್ಲ.

ನನ್ನ ಸೋದರಮಾವನವರಿಗೆ ಎಂಬತ್ತು ದಾಟಿದೆ. ಅತ್ತೆ ಹೋದಮೇಲೆ ರಾತ್ರಿ ನಿದ್ದೆ ಬಾರದು; ಮಲಗಿದಲ್ಲೇ ಸೇದುವ ಅಭ್ಯಾಸ. ಮಕ್ಕಳು ಉಪದೇಶ ಮಾಡಿದರು, ಬೆಂಕಿಪೊಟ್ಟಣ ಬಚ್ಚಿಟ್ಟರು. ಮುದುಕರು ದಿಂಬಿನ ಕೆಳಗೆ ಇನ್ನೊಂದನ್ನು ಇಟ್ಟುಕೊಂಡರು. ಒಂದು ರಾತ್ರಿ ಹಾಸಿಗೆಯಲ್ಲಿ ರೂಪಾಯಿಯಗಲದ ತೂತು ಹೊಗೆಯಾಡಿತು. ಸೊಸೆ ಎರಡು ಬಿಂದಿಗೆ ನೀರು ಸುರಿದು, ಅಷ್ಟಕ್ಕೆ ಸುಮ್ಮನಾಗದೆ ಹಾಸಿಗೆಯನ್ನು ಅಂಗಳಕ್ಕೆ ಎಳೆಸಿದಳು. ಒಳ್ಳೆಯದೇ ಆಯಿತು, ಆರಿತೆಂದುಕೊಂಡ ಹತ್ತಿ ಬೆಳಗಿನ ಜಾವ ಮತ್ತೆ ಹೊಗೆಯಾಡುತ್ತಿತ್ತು.

ಮರುದಿನ ಅವಳು ಜಗಲಿಯಲ್ಲಿ ಒಂದು ಮರದ ಕುರ್ಚಿ ಹಾಕಿ, ಪಕ್ಕದಲ್ಲಿ ಅಗಲವಾದ ಹಿತ್ತಾಳೆಯ ಬೋಗುಣಿಯಲ್ಲಿ ಅರ್ಧ ನೀರು ತುಂಬಿಟ್ಟಳು. "ಮಾವ, ಸೇದೋದಾದರೆ ಇಲ್ಲೇ ಕೂತು ಸೇದಿ. ಹಾಸಿಗೆಗೆ ಮಾತ್ರ ಬೇಡ" ಎಂದಳು. ಎರಡು ದಿನ ಮಾವನವರು ಬಿಗುಮಾನದಿಂದ ಅತ್ತ ಸುಳಿಯಲಿಲ್ಲ. ಮೂರನೆಯ ಸಂಜೆ ಹೋಗಿ ಕುಳಿತರು. ಈಗ ರಾತ್ರಿ ನಿದ್ದೆ ಬಾರದಿದ್ದರೆ ಎದ್ದು ಜಗಲಿಗೆ ಹೋಗುತ್ತಾರೆ. ಸೊಸೆ ಮಲಗುವ ಮುಂಚೆ ಬೋಗುಣಿಯ ನೀರನ್ನೊಮ್ಮೆ ನೋಡುತ್ತಾಳೆ.

ಬಂಧುಗಳಲ್ಲಿ ಕೆಲವರು, "ಚಟಕ್ಕೆ ಪೀಠ ಹಾಕಿಕೊಟ್ಟೆಯಲ್ಲಮ್ಮ" ಎಂದು ಆಕ್ಷೇಪಿಸಿದರು.

"ಬಿಟ್ಟರೆ ಸಂತೋಷವೇ. ಅವರು ಬಿಡೋ ತನಕ ಮನೆ ನಿಂತಿರಬೇಕಲ್ಲ!" ಎಂದಳು ಅವಳು.