ಗೇರುಬೀಜವನ್ನೇ ನಂಬಿದ ನಾಡು ಗಿನಿ-ಬಿಸ್ಸೌ

ಕುಮಟಾದಿಂದ ಅಂಕೋಲಾ ಕಡೆಗೆ ಹೆದ್ದಾರಿಯಲ್ಲಿ ಹೊರಟರೆ ಮಿರ್ಜಾನ್ ದಾಟಿದ ಮೇಲೆ ಹಿರೇಗುತ್ತಿ ಸಿಗುತ್ತದೆ. ಈ ಭಾಗದ ಗುಡ್ಡಗಳಲ್ಲಿ ಗೇರುಮರ, ತಗ್ಗಿನಲ್ಲಿ ಅಘನಾಶಿನಿಯ ಉಪ್ಪುನೀರು ನುಗ್ಗುವ ಗಜನಿ ಗದ್ದೆ. ಉಪ್ಪನ್ನು ತಾಳಿಕೊಳ್ಳುವ ಕಗ್ಗ ಭತ್ತ ಇಲ್ಲಿಯ ವಿಶೇಷ. ಇದೇ ಗೇರು, ಇದೇ ರೀತಿಯ ಉಪ್ಪುನೆಲದ ಭತ್ತ ಇರುವ ಇನ್ನೊಂದು ನಾಡು ಪಶ್ಚಿಮ ಆಫ್ರಿಕಾದಲ್ಲಿದೆ. ಅದು ಗಿನಿ-ಬಿಸ್ಸೌ.

ನೀವು ಈದ್ ದಿನ ಶೀರ್ ಕುರ್ಮಾಕ್ಕೆ ಹಾಕುವ ಗೋಡಂಬಿ ಅಲ್ಲಿಯದೇ ಆಗಿರಬಹುದು. ನಮ್ಮ ಕರಾವಳಿಯ ಕಾರ್ಖಾನೆಗಳಿಗೆ ಇಲ್ಲಿ ಬೆಳೆಯುವ ಬೀಜ ಸಾಲುವುದಿಲ್ಲ. ಹಾಗಾಗಿ ಹಸಿ ಬೀಜ ಆಫ್ರಿಕಾದಿಂದ ಹಡಗಿನಲ್ಲಿ ಬರುತ್ತದೆ.

ಉತ್ತರಕ್ಕೆ ಸೆನೆಗಲ್, ಪೂರ್ವ ಮತ್ತು ದಕ್ಷಿಣಕ್ಕೆ ಗಿನಿ, ಪಶ್ಚಿಮಕ್ಕೆ ಅಟ್ಲಾಂಟಿಕ್ ಸಾಗರ. ವಿಸ್ತೀರ್ಣ 36,125 ಚದರ ಕಿ.ಮೀ. ಅಂದರೆ ನಮ್ಮ ಉತ್ತರ ಕನ್ನಡ ಜಿಲ್ಲೆಯ ಮೂರೂವರೆ ಪಟ್ಟು. ಜನಸಂಖ್ಯೆ 20 ಲಕ್ಷಕ್ಕೆ ತುಸು ಹೆಚ್ಚು. ರಾಜಧಾನಿ ಬಿಸ್ಸೌ. ಆಡಳಿತ ಭಾಷೆ ಪೋರ್ಚುಗೀಸ್, ಸಂತೆಯ ಭಾಷೆ ಕ್ರಿಯೋಲ್. ಜನರಲ್ಲಿ ಸುಮಾರು ಅರ್ಧದಷ್ಟು ಮುಸ್ಲಿಮರು. ಅವರಲ್ಲಿ ಫುಲಾ ಮತ್ತು ಮಂಡಿಂಕಾ ಜನಾಂಗದವರೇ ಹೆಚ್ಚು.

ಗೋವಾದಂತೆ ಈ ನಾಡನ್ನೂ ಪೋರ್ಚುಗೀಸರು ಆಳಿದರು. ಗೇರುಮರ ಬ್ರೆಜಿಲ್‌ನಿಂದ ಎರಡೂ ಕಡೆ ಬಂದದ್ದು ಅವರಿಂದಲೇ. ಸ್ವಾತಂತ್ರ್ಯ ಹೋರಾಟದ ನಾಯಕ ಅಮಿಲ್ಕರ್ ಕಬ್ರಾಲ್ 1973ರ ಜನವರಿಯಲ್ಲಿ ಕೊಲೆಯಾದರು. ಅದೇ ವರ್ಷ ಸೆಪ್ಟೆಂಬರ್ 24ರಂದು ದೇಶ ಸ್ವಾತಂತ್ರ್ಯ ಘೋಷಿಸಿತು. ಮರುವರ್ಷ ಪೋರ್ಚುಗಲ್ ಅದನ್ನು ಒಪ್ಪಿಕೊಂಡಿತು. ಆದರೆ ನೆಮ್ಮದಿ ಸಿಗಲಿಲ್ಲ. 1980, 2012 ಮತ್ತು 2025ರಲ್ಲಿ ಸೈನಿಕ ಕ್ರಾಂತಿಗಳಾದವು.

ದೇಶದ ರಫ್ತಿನ ಗಳಿಕೆಯಲ್ಲಿ ಶೇ. 90ರಷ್ಟು ಗೇರುಬೀಜದಿಂದಲೇ ಬರುತ್ತದೆ. ಬೇಸಿಗೆಯಲ್ಲಿ ತಾಯಂದಿರು, ಮಕ್ಕಳು ಮರದಡಿ ಬಿದ್ದ ಹಣ್ಣುಗಳನ್ನು ಆರಿಸಿ ಬೀಜ ಬಿಡಿಸುತ್ತಾರೆ. ಬಹುಪಾಲು ಬೀಜ ಸಿಪ್ಪೆ ಸಮೇತ ಭಾರತ ಮತ್ತು ವಿಯೆಟ್ನಾಂಗೆ ಹೋಗುತ್ತದೆ. ಒಡೆಯುವ, ಸುಲಿಯುವ, ವಿಂಗಡಿಸುವ ಕೆಲಸ ಅಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಆ ಕೂಲಿ ನಮ್ಮ ಕರಾವಳಿಯ ಹೆಣ್ಣುಮಕ್ಕಳಿಗೆ ಸಿಗುತ್ತದೆ. ಸಿಪ್ಪೆಯ ಎಣ್ಣೆ ತಾಗಿ ಕೈ ಸುಡುವುದೂ ಅವರದೇ.

ಇನ್ನೊಂದು ಸಂಗತಿ ನೋಡಿ. ಬಲಾಂಟಾ ಜನಾಂಗದ ರೈತರು ಕಾಂಡ್ಲಾ ಕಾಡಿನ ಜೌಗಿಗೆ ಒಡ್ಡು ಕಟ್ಟಿ, ಮಳೆನೀರಿನಲ್ಲಿ ಉಪ್ಪು ತೊಳೆದು, ಭತ್ತ ಬೆಳೆಯುವುದರಲ್ಲಿ ನಿಪುಣರು. ಅಂಥ ನಾಡು ಇಂದು ಅಕ್ಕಿಯನ್ನು ಹೊರಗಿನಿಂದ ತರಿಸುತ್ತಿದೆ. ಹಳ್ಳಿಗಳಲ್ಲಿ ಗೇರುಬೀಜ ಕೊಟ್ಟು ಅಕ್ಕಿ ಕೊಳ್ಳುವ ರೂಢಿಯಿದೆ. ಬೀಜದ ಬೆಲೆ ಬಿದ್ದ ವರ್ಷ ಅದೇ ಅಕ್ಕಿಗೆ ಹೆಚ್ಚು ಬೀಜ ತೂಗಿ ಕೊಡಬೇಕು. 2020ರಲ್ಲಿ ಕೊರೋನಾದಿಂದ ಗಡಿಗಳು ಮುಚ್ಚಿ ಹೊರಗಿನ ವ್ಯಾಪಾರಿಗಳು ಬರಲಾಗದೆ ಹೋದಾಗ ಎಷ್ಟೋ ಮನೆಗಳ ಅಕ್ಕಿಗೇ ಕುತ್ತು ಬಂತು.

ಅಳತೆ, ತೂಕದಲ್ಲಿ ನ್ಯಾಯ ಪಾಲಿಸಬೇಕೆಂದು ಕುರ್‌ಆನ್ ಕಲಿಸುತ್ತದೆ. ತಕ್ಕಡಿ ಸರಿಯಿದ್ದು ಬೆಲೆಯೇ ಸರಿಯಿಲ್ಲದಿದ್ದರೆ? ಮುಂದಿನ ಹಬ್ಬಕ್ಕೆ ತುಪ್ಪದಲ್ಲಿ ಗೋಡಂಬಿ ಹುರಿಯುವಾಗ, ಅದನ್ನು ಆರಿಸಿದ ಆ ತಾಯಿಯನ್ನೂ ಒಡೆದ ಈ ತಾಯಿಯನ್ನೂ ನಿಮ್ಮ ದುಆದಲ್ಲಿ ನೆನೆಯಿರಿ. ಗಜನಿಯ ಕಗ್ಗ ಭತ್ತವನ್ನು ಕೈಬಿಡುವ ಮುನ್ನ ನಮ್ಮ ರೈತರೂ ಆ ದೇಶದ ಕತೆಯನ್ನು ಒಮ್ಮೆ ಯೋಚಿಸಲಿ.